ಹನುಮಂತರಾಯಪ್ಪನವರ ಎಡಗಾಲು

ಮೊನ್ನೆ ಉಪ್ಪಾರಹಳ್ಳಿಯ ನಮ್ಮ ಬೀದಿಗೆ ಅವರೆಕಾಯಿ ಗಾಡಿ ಬಂತು. ಸೊಗಡಿನ ವಾಸನೆ ನೇರ ಅಡುಗೆಮನೆಯ ತನಕ ನುಗ್ಗಿತು. ಎದುರು ಮನೆಯವರು ಚೀಲ ಹಿಡಿದು ಓಡಿದರು, ಪಕ್ಕದ ಮನೆಯವರು ಚೌಕಾಸಿಗೆ ನಿಂತರು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರಬೇಕು. ನನಗೆ ಮೈ ಉರಿಯುತ್ತದೆ. "ಎರಡು ಕೆ.ಜಿ. ಹಾಕ್ಲಾ ಮೇಡಂ?" ಎಂದು ಕೇಳಿದ ಗಾಡಿಯವನ ಮೇಲೆ ರೇಗಿ ಬಾಗಿಲು ಹಾಕಿಕೊಂಡೆ. ಪಾಪ, ಅವನದೇನು ತಪ್ಪು? ತಪ್ಪು ಒಂದು ಧನುರ್ಮಾಸದ ಮಧ್ಯಾಹ್ನ ಅದೇ ಅವರೆಯ ಹಿತಕಿದ ಬೇಳೆ ಸಾರು ಸೊರ್ ಎಂದು ಸುರಿಯುತ್ತಾ ಕೂತಿದ್ದ ನಾಲ್ಕು ಜನ ಡಾಕ್ಟರುಗಳದ್ದು. ಆ ನಾಲ್ವರಲ್ಲಿ ನಾನೂ ಒಬ್ಬಳು.

ನಾನು ಕುಣಿಗಲ್ ಕಡೆಯವಳು. ಆ ವರ್ಷ ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಪಾಠ ಮಾಡುತ್ತಿದ್ದೆ. ಈಗಲೂ ಅಲ್ಲೇ ಮಾಡುತ್ತಿದ್ದೇನೆ. ಬಿಟ್ಟು ಬರಲಿಲ್ಲವಲ್ಲ ಎನ್ನುವುದೂ ನನ್ನ ಸಿಟ್ಟಿನಲ್ಲಿ ಒಂದು ಪಾಲು.

ಶುರುವಾದದ್ದು ಆಷಾಢದಲ್ಲಿ. ಗಾಳಿ ಕಿಟಕಿಯ ಬಾಗಿಲುಗಳನ್ನು ಪಟಪಟ ಬಡಿಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, "ಮೇಡಂ, ಈ ವರ್ಷ ಜೀರಿಯಾಟ್ರಿಕ್ಸ್ ನಿಮಗೆ" ಎಂದರು. ಜೀರಿಯಾಟ್ರಿಕ್ಸ್ ಎಂದರೆ ವಯಸ್ಸಾದವರ ವೈದ್ಯಕೀಯ. ನಮ್ಮ ವಾರ್ಡಿನಲ್ಲಿ ಮಲಗಿರುವವರಲ್ಲಿ ಅರ್ಧಕ್ಕರ್ಧ ಮುದುಕರು ಮುದುಕಿಯರೇ. ಆದರೆ ಪಾಠದ ಪಟ್ಟಿಯಲ್ಲಿ ಅದಕ್ಕೆ ಸಿಗುತ್ತಿದ್ದದ್ದು ವರ್ಷಕ್ಕೆ ಎರಡು ಗಂಟೆ. ಅದೂ ಯಾರಿಗೂ ಬೇಡವಾದ ಶನಿವಾರ ಮಧ್ಯಾಹ್ನ.

"ಆ್ಯಕ್ಟಿವ್ ಲರ್ನಿಂಗ್ ಥರ ಮಾಡಿ. ಇನ್‌ಸ್ಪೆಕ್ಷನ್‌ಗೆ ಬೇಕು. ಮೇಷ್ಟ್ರು ಸುಮ್ನಿರ್ಬೇಕು, ಮಕ್ಕಳು ತಾವೇ ಮಾಡಿ ಕಲೀಬೇಕು. ಒಂದು ರೋಲ್ ಪ್ಲೇ, ಒಂದು ಕ್ವಿಜ್, ನಾಲ್ಕು ಚಾರ್ಟು. ಫೋಟೋ ಮಾತ್ರ ಚೆನ್ನಾಗಿ ಬರ್ಲಿ" ಎಂದರು.

ನಾನೂ ಹೂಂ ಎಂದೆ. ಮಕ್ಕಳು ರೋಲ್ ಪ್ಲೇ ಮಾಡಿದರು. ಒಬ್ಬ ತಲೆಗೆ ಪೌಡರ್ ಬಳಿದುಕೊಂಡು, ಪಂಚೆ ಉಟ್ಟು, ಕೋಲು ಹಿಡಿದು, ಗೂನುಬೆನ್ನು ಮಾಡಿ ಕೆಮ್ಮುತ್ತಾ ಬಂದ. "ಯಾರಪ್ಪಾ ನೀನು? ನನ್ ಮಗನಾ? ಮೊಮ್ಮಗನಾ?" ಎಂದ. ಹಾಲ್ ತುಂಬ ನಗು. ಇನ್ನೊಬ್ಬಳು ಅಜ್ಜಿಯಾಗಿ ಕಿವಿಗೆ ಕೈಯಿಟ್ಟು "ಆಂ? ಆಂ?" ಎಂದಳು. ಮತ್ತೆ ನಗು. ಮುಖ್ಯಸ್ಥರು ಫೋಟೋ ಹೊಡೆಯುತ್ತಾ ತಾವೂ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಾಡಿದೆ. "ಇದನ್ನೇ ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜ ಅಜ್ಜಿ ಮುಂದೆ ಮಾಡಿ ತೋರಿಸ್ರೋ, ಧೈರ್ಯ ಇದ್ರೆ" ಎಂದೆ. ಮುಖ್ಯಸ್ಥರು ಮುಖ ಗಂಟಿಕ್ಕಿಕೊಂಡು ಹೊರಗೆ ಹೋದರು.

ಆಗ ಹಿಂದಿನ ಬೆಂಚಿನಿಂದ ಒಂದು ಮಾತು ಬಂತು. "ಬೈಬ್ಯಾಡಿ ಮೇಡಮ್ಮೋರೆ. ನೋಡಿಲ್ಲ ಹುಡುಗ್ರು, ಅದ್ಕೇ ಹಂಗ್ ಮಾಡವ್ರೆ. ಮುದುಕ್ರು ಹಂಗೆ ನಡಿಯಲ್ಲ ಕಣ್ರಪ್ಪ."

ಹನುಮಂತರಾಯಪ್ಪನವರು. ಅವರು ಯಾರು, ಅಲ್ಲೇಕೆ ಕೂತಿದ್ದರು ಎಂದು ಹೇಳಬೇಕಾದರೆ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು. ಮೆಡಿಕಲ್ ಕಾಲೇಜಿನ ಪ್ರಾಕ್ಟಿಕಲ್ ಪರೀಕ್ಷೆಗೆ ಜೀವಂತ ರೋಗಿಗಳು ಬೇಕು. ವಿದ್ಯಾರ್ಥಿ ಒಬ್ಬ ರೋಗಿಯನ್ನು ಮೊದಲು ತಾನೊಬ್ಬನೇ ಮಾತಾಡಿಸಿ, ಮುಟ್ಟಿ ನೋಡಿ, ಆಮೇಲೆ ಇಂಥ ಕಾಯಿಲೆ ಎಂದು ಪರೀಕ್ಷಕರ ಮುಂದೆ ಒಪ್ಪಿಸಬೇಕು. ಪರೀಕ್ಷೆಯ ದಿನ ಸರಿಯಾದ ರೋಗಿ ಸಿಗದಿದ್ದರೆ ಏನು ಗತಿ? ಅದಕ್ಕೇ ಪ್ರತಿ ವಿಭಾಗದಲ್ಲೂ ಖಾಯಂ ಜನ ಇರುತ್ತಾರೆ. ವಾಸಿಯಾಗದ, ಹೆಚ್ಚೂ ಆಗದ, ಎಲ್ಲ ಚಿಹ್ನೆಗಳೂ ಎದ್ದು ಕಾಣುವ ಹಳೆಯ ಕಾಯಿಲೆಯವರು. ಅವರನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ. 'ಒಳ್ಳೇ ಕೇಸು' ಎನ್ನುತ್ತೇವೆ. ಗುಬ್ಬಿಯ ಹನುಮಂತರಾಯಪ್ಪ ನಮ್ಮ ಒಳ್ಳೇ ಕೇಸು. ಎಡಗೈ, ಎಡಗಾಲು ಪಾರ್ಶ್ವವಾಯು ಹೊಡೆದು ಒಂಬತ್ತು ವರ್ಷವಾಗಿತ್ತು; ನಮ್ಮ ಭಾಷೆಯಲ್ಲಿ ಹೆಮಿಪ್ಲೀಜಿಯಾ. ಮಾತು ಸ್ವಚ್ಛ, ಬುದ್ಧಿ ಚುರುಕು. ಪರೀಕ್ಷೆ ಬಂತೆಂದರೆ ಮಗಳು ಜಯಮ್ಮನ ಜೊತೆ ಗುಬ್ಬಿ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಬಸ್‌ಸ್ಟ್ಯಾಂಡಿನಿಂದ ಕಾಲೆಳೆದುಕೊಂಡು ತಾವೇ ನಡೆದು ಬರುತ್ತಿದ್ದರು. ಹುಡುಗರು ಒದ್ದಾಡುವುದು ಕಂಡರೆ ಮೆಲ್ಲಗೆ, "ಮಂಡಿ ಕೆಳುಗ್ ಕುಟ್ಟಪ್ಪ, ಕಾಲ್ ಚಂಗ್ ಅಂತ ಎಗುರ್ತದೆ" ಎಂದು ದಾರಿ ತೋರಿಸುತ್ತಿದ್ದರು. "ನನ್ ಕೈಲಿ ಎಷ್ಟ್ ಜನ ಡಾಕ್ಟ್ರು ಪಾಸಾಗವ್ರೆ ಗೊತ್ತಾ? ಒಬ್ರೂ ಫೇಲಾಗಿಲ್ಲ" ಎನ್ನುವುದು ಅವರ ಹೆಮ್ಮೆ. ಊರಿನಲ್ಲಿ ಅವರನ್ನು ಕಾಲೇಜಿನ ಮೇಷ್ಟ್ರು ಎಂದೇ ಕರೆಯುತ್ತಾರೆಂದು ಜಯಮ್ಮ ನಗುತ್ತಾ ಹೇಳಿದ್ದಳು.

ಆ ವಾರ ಬೇರೆ ತರಗತಿಗೆಂದು ಬಂದವರು ಗಾಳಿ ತಡೆಯಲಾರದೆ ನಮ್ಮ ಹಾಲಿನಲ್ಲಿ ಕೂತಿದ್ದರು. ನಾನು ಸಿಟ್ಟಿನಲ್ಲೇ, "ಹಾಗಾದ್ರೆ ನೀವೇ ಹೇಳಿಕೊಡಿ ಬನ್ನಿ" ಎಂದೆ.

ಬಂದರು. ಮೊದಲಿಗೆ ಅವರು ಕೇಳಿದ್ದು ಹಗ್ಗ. ವಯಸ್ಸಿನಲ್ಲಿ ಗುಬ್ಬಿ ಸಂತೆಯಲ್ಲಿ ಹಗ್ಗ, ಕಣ್ಣಿ, ಮೂಗುದಾರ ಮಾರುತ್ತಿದ್ದವರು ಅವರು. ವಾರ್ಡಿನಿಂದ ಬ್ಯಾಂಡೇಜ್ ಬಟ್ಟೆ ತರಿಸಿಕೊಟ್ಟೆ. ಬಲಗೈಯಲ್ಲಿ ಒಂದು ತುದಿ, ಹಲ್ಲಿನಲ್ಲಿ ಇನ್ನೊಂದು ತುದಿ ಹಿಡಿದು, ಅಜ್ಜನ ವೇಷ ಹಾಕಿದ್ದ ಹುಡುಗನ ಎಡಗೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಎಡಗಾಲಿಗೆ ಹಲಗೆ ಕೊಟ್ಟು ಮಂಡಿ ಮಡಿಚದ ಹಾಗೆ ಬಿಗಿದರು. ನೆಲದ ಮೇಲೆ ಮಲಗಿಸಿ, "ಈಗ ಏಳಪ್ಪ. ಉಚ್ಚೆ ಬಂದದೆ ಅನ್ಕೋ. ಬಚ್ಚಲು ಅಲ್ಲದೆ. ಪಂಚೆ ಬಿಚ್ಚೋಗ್ಬಾರ್ದು" ಎಂದರು. ಆ ದಾಂಡಿಗ ಹುಡುಗ ಏಳಲಾರದೆ ಪಕ್ಕಕ್ಕೆ ಉರುಳಿದ. ಬೆಂಚು ಹಿಡಿದ, ಜಾರಿದ. ಮೊದಲು ಎಲ್ಲರೂ ನಕ್ಕರು. ಐದು ನಿಮಿಷವಾದ ಮೇಲೆ ಯಾರೂ ನಗುತ್ತಿರಲಿಲ್ಲ. ಆಮೇಲೆ ಅವರು ತಾವೇ ನೆಲಕ್ಕೆ ಕೂತು, ಯಾರ ಕೈಯನ್ನೂ ಹಿಡಿಯದೆ, ಹೇಗೆ ಎದ್ದು ನಿಲ್ಲುತ್ತೇನೆಂದು ಒಂದೊಂದೇ ಹಂತ ತೋರಿಸಿದರು. ಎದ್ದು ನಿಲ್ಲುವ ಹೊತ್ತಿಗೆ ಬೆವೆತಿದ್ದರು. ಹುಡುಗರು ಚಪ್ಪಾಳೆ ತಟ್ಟಿದರು.

ಅವತ್ತಿನಿಂದ ಎರಡು ಗಂಟೆಯ ಪಾಠ ಆರು ಶನಿವಾರಗಳಾಯಿತು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಒಬ್ಬೊಬ್ಬ ಹಿರಿಯರು. ಒಂದು ವಾರ ಗುಬ್ಬಿ, ಒಂದು ವಾರ ಹೆಬ್ಬೂರು, ಕಾಲೇಜು ಬಸ್ಸಿನಲ್ಲಿ. ನಿಯಮ ಒಂದೇ. ಹಳೆಯ ಚೀಟಿಗಳನ್ನು ನೋಡಬಾರದು, ಸೊಸೆಯನ್ನೋ ಮಗನನ್ನೋ ಕೇಳಬಾರದು. ಆ ಜೀವದ ಎದುರು ಕೂತು, "ಇವತ್ತು ನಿಮಗೆ ಏನು ತೊಂದರೆ?" ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕೂರಬೇಕು.

ಕೂತರು. ಬಾಯಿ ಮುಚ್ಚಿಕೊಂಡು ಕೂರುವುದು ಡಾಕ್ಟರಾಗುವವರಿಗೆ ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಹೆಬ್ಬೂರಿನಲ್ಲಿ ಒಬ್ಬಾಕೆಗೆ ಮೇಲಿಂದ ಮೇಲೆ ಮೂತ್ರದ ಸೋಂಕು. ಪ್ರತಿ ಸಲವೂ ಆ್ಯಂಟಿಬಯಾಟಿಕ್ ಬರೆದುಕೊಟ್ಟು ಕಳಿಸಿದ್ದರು. ನಮ್ಮ ಹುಡುಗಿ ಹತ್ತು ನಿಮಿಷ ಸುಮ್ಮನೆ ಕೂತದ್ದಕ್ಕೆ ಆಕೆ ಹೇಳಿದಳು: ಪಾಯಿಖಾನೆ ಇರುವುದು ಕೊಟ್ಟಿಗೆ ದಾಟಿ, ಕತ್ತಲಾದರೆ ಅಲ್ಲಿಗೆ ಹೋಗಲು ಭಯ, ಅದಕ್ಕೇ ಮಧ್ಯಾಹ್ನದ ಮೇಲೆ ತಾನು ನೀರು ಕುಡಿಯುವುದೇ ಇಲ್ಲ. ಆ ಮನೆಯವರು ಮಾರನೆಯ ವಾರವೇ ದಾರಿಗೊಂದು ಬಲ್ಬು ಹಾಕಿಸಿದರು. ಅಷ್ಟೇ ಔಷಧ.

ಆ ಹುಡುಗಿಯ ಹೆಸರು ಸಿಂಚನಾ. ಕುಣಿಗಲ್‌ನವಳು, ಲೈನ್‌ಮನ್ ಒಬ್ಬರ ಮಗಳು. ತರಗತಿಯಲ್ಲಿ ಮುಂದಿನ ಬೆಂಚಿನವಳಲ್ಲ, ಬಾಯಿಪಾಠದಲ್ಲೂ ಅಷ್ಟಕ್ಕಷ್ಟೇ. ಆದರೆ ಮುದುಕರ ಎದುರು ಕೂತರೆ ಅವಳ ಕಿವಿ, ಕಣ್ಣು ಎರಡೂ ತೆರೆದುಕೊಳ್ಳುತ್ತಿದ್ದವು. ಹನುಮಂತರಾಯಪ್ಪ ಅವಳಿಗೆ ಮೂರು ಥರದ ಗಂಟು ಕಲಿಸಿದ್ದರು. "ಈ ಮಗ ಡಾಕ್ಟ್ರಾಯ್ತದೆ ನೋಡ್ಕಳಿ" ಎನ್ನುತ್ತಿದ್ದರು.

ಕಾರ್ತಿಕ ಕಳೆಯಿತು. ಪರೀಕ್ಷೆಯ ದಿನ ಗೊತ್ತಾಯಿತು. ಮುಖ್ಯಸ್ಥರು ನನ್ನನ್ನು ಕರೆದು, "ನಿಮ್ಮ ಹಗ್ಗದ ಮೇಷ್ಟ್ರಿಗೆ ಸ್ವಲ್ಪ ಹೇಳಿಡಿ. ಮಕ್ಕಳು 'ಇವತ್ತು ಏನು ತೊಂದರೆ' ಅಂತ ಶುರು ಮಾಡಿದ್ರೆ ಆತ ಪುರಾಣ ಬಿಚ್ಚಿಬಿಡ್ತಾನೆ. ಹೊರಗಿನ ಪರೀಕ್ಷಕರು ಬರ್ತಾರೆ. ಕೇಸ್ ಶೀಟಲ್ಲಿ ಏನಿದೆಯೋ ಅಷ್ಟೇ ಬರಬೇಕು" ಎಂದರು.

ಹೇಳಿದೆ. ಹೌದು, ನಾನೇ ಹೇಳಿದೆ. ಹನುಮಂತರಾಯಪ್ಪನವರನ್ನು ಕೂರಿಸಿಕೊಂಡು, "ಪರೀಕ್ಷೆ ದಿನ ಮಾತ್ರ ಹಳೇದಷ್ಟೇ ಹೇಳಿ. ಹೊಸದೇನೂ ಸೇರಿಸಬೇಡಿ. ಮಕ್ಕಳಿಗೆ ಗಲಿಬಿಲಿಯಾಗುತ್ತೆ, ಫೇಲಾಗ್ತಾರೆ" ಎಂದೆ. ಅವರು ಬಲಗೈಯನ್ನು ನನ್ನ ಕೈ ಮೇಲಿಟ್ಟು, "ಆಯ್ತು ಕಣವ್ವ, ನನ್ನಿಂದ ಒಬ್ರೂ ಫೇಲಾಗಬಾರ್ದು" ಎಂದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ಕೋಣೆಯ ಬಾಗಿಲಿಗೆ ಬರೆಸಿ ಹಾಕಬೇಕಿತ್ತು.

ಪರೀಕ್ಷೆಯ ದಿನ ಹಲ್ಲು ಕಟಕಟಿಸುವ ಚಳಿ. ಬಸ್‌ಸ್ಟ್ಯಾಂಡಿನಿಂದ ನಡೆದು ಬರುತ್ತಿದ್ದ ಮನುಷ್ಯ ಅವತ್ತು ಆಟೋದಲ್ಲಿ ಬಂದರು. ಆಟೋದಿಂದ ಗಾಲಿಕುರ್ಚಿಗೆ ಜಯಮ್ಮ ಮತ್ತು ಆಯಾ ಸೇರಿ ಎತ್ತಿ ಕೂರಿಸಿದರು. ಮುಖ ಬಿಳಿಚಿಕೊಂಡಿತ್ತು. ನಾನು ಕಂಡೆ. "ಏನು ಹನುಮಂತರಾಯಪ್ಪನವರೇ, ಇವತ್ತು ಸವಾರಿ?" ಎಂದು ತಮಾಷೆ ಮಾಡಿದೆ. "ಚಳಿ ಕಣವ್ವ, ಕಾಲ್ ಹಿಡ್ಕಂಡದೆ" ಎಂದರು. ಜಯಮ್ಮ ಏನೋ ಹೇಳಲು ಬಾಯಿ ತೆರೆದಳು. ಅವರು ಅವಳನ್ನು ದುರುಗುಟ್ಟಿ ನೋಡಿದರು. ಅವಳು ಗಾಲಿಕುರ್ಚಿ ತಳ್ಳಿದಳು. ನಾನು "ವಯಸ್ಸಾಯ್ತಲ್ಲ" ಎಂದು ಮುಂದಕ್ಕೆ ಹೋದೆ.

ನಡೆಯುತ್ತಿದ್ದ ಮುದುಕರು ಇದ್ದಕ್ಕಿದ್ದಂತೆ ನಡೆಯುವುದನ್ನು ನಿಲ್ಲಿಸಿದರೆ ಅದಕ್ಕೆ ವಯಸ್ಸು ಕಾರಣವಲ್ಲ, ಬೇರೆ ಕಾರಣ ಇದ್ದೇ ಇರುತ್ತದೆ, ಹುಡುಕಿ. ಇದನ್ನು ಆರು ಶನಿವಾರವೂ ಬಸ್ ಹತ್ತುವ ಮುಂಚೆ ಬೋರ್ಡಿನ ಮೇಲೆ ಬರೆದಿದ್ದವಳು ನಾನು.

ಹೊರಗಿನಿಂದ ಬಂದ ಇಬ್ಬರು, ನಮ್ಮ ಕಡೆಯಿಂದ ಮುಖ್ಯಸ್ಥರು ಮತ್ತು ನಾನು, ಹೀಗೆ ನಾಲ್ವರು ಪರೀಕ್ಷಕರು. ಹನುಮಂತರಾಯಪ್ಪನವರಿಗೆ ಅವತ್ತು ನಾಲ್ಕು ವಿದ್ಯಾರ್ಥಿಗಳ ಸರದಿ. ಮೊದಲ ಇಬ್ಬರು ಚೆನ್ನಾಗಿಯೇ ಒಪ್ಪಿಸಿದರು. ಎಡಗಾಲನ್ನು ಎತ್ತಿ, ಮಡಿಸಿ, ಆ ಕಡೆ ಈ ಕಡೆ ತಿರುಗಿಸಿ, ಬಿಗಿತ, ಅಂದರೆ ಟೋನ್, ಎಷ್ಟಿದೆಯೆಂದು ಹೇಳಿದರು. ಪಾದ ಹೊರಕ್ಕೆ ತಿರುಗಿದೆ ಎಂದರು. ಪಾರ್ಶ್ವವಾಯುವಿನ ಕಾಲು ಹಾಗೆಯೇ ತಿರುಗಿರುತ್ತದೆ, ಆದ್ದರಿಂದ ಅದೂ ಸರಿ ಉತ್ತರವೇ. ಕಾಲು ಎತ್ತಿದಾಗಲೆಲ್ಲ ಹನುಮಂತರಾಯಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ನಾನು ಅಂಕದ ಹಾಳೆ ನೋಡುತ್ತಿದ್ದೆ; ಆಮೇಲೆ ನರ್ಸ್ ಹೇಳಿದಳು.

ಮೂರನೆಯವಳು ಸಿಂಚನಾ. ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರ ಮುಂದೆ ನಿಂತು, "ರೋಗಿಯ ಇವತ್ತಿನ ಮುಖ್ಯ ತೊಂದರೆ, ಎರಡು ದಿನದಿಂದ ಎಡ ತೊಡೆಸಂದಿಯಲ್ಲಿ ನೋವು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಕಾಲೂರಲು ಆಗುತ್ತಿಲ್ಲ" ಎಂದಳು.

ಪರೀಕ್ಷಕರು ಕೇಸ್ ಶೀಟ್ ತಿರುವಿದರು. "ಇದರಲ್ಲಿ ಇಲ್ವಲ್ಲಮ್ಮ. ಯಾರು ಹೇಳಿದ್ದು?"

"ಪೇಷಂಟ್ ಹೇಳಿದ್ದು ಸರ್."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಈ ಕೇಸು ತಂದವಳು ನಾನಲ್ಲವೇ? ನಾನು ಕೂತಲ್ಲಿಂದಲೇ ಕೂಗಿ ಕೇಳಿದೆ: "ಹನುಮಂತರಾಯಪ್ಪನವರೇ, ಬಿದ್ದಿರಾ?"

ಎದ್ದು ಮಂಚದ ಹತ್ತಿರ ಹೋಗಿ ಕೇಳಿದ್ದರೆ ಎಂದು ಎಷ್ಟು ಸಲ ಯೋಚಿಸಿದ್ದೇನೋ. ಹೋಗಲಿಲ್ಲ. ಅವರು ನನ್ನ ಮುಖ ನೋಡಿದರು, ಆ ಹುಡುಗಿಯ ಮುಖ ನೋಡಿದರು. ಹೊಸದೇನೂ ಸೇರಿಸಬೇಡಿ, ಮಕ್ಕಳು ಫೇಲಾಗ್ತಾರೆ ಎಂದಿದ್ದವಳು ನಾನು.

"ಇಲ್ಲ ಮೇಡಮ್ಮೋರೆ. ಎಲ್ಲಾ ಹಳೇದೇ" ಎಂದರು.

ಸಿಂಚನಾ ಅವರ ಕಡೆ ತಿರುಗಿ ನೋಡಿದಳು. ಅವಳ ಕಿವಿ ಕೆಂಪಾದವು.

"ಹೋಗ್ಲಿ, ಕಾಲಿನ ಟೋನ್ ಹೇಗಿದೆ? ಪವರ್ ಎಷ್ಟು?" ಎಂದರು ಪರೀಕ್ಷಕರು.

"ನೋಡಲಿಲ್ಲ ಸರ್. ಆ ಕಾಲನ್ನ ಅಲುಗಾಡಿಸಬಾರದು ಅನ್ನಿಸ್ತು. ಎಕ್ಸ್‌ರೇ ಆಗೋವರೆಗೂ ಯಾರೂ ಎತ್ತಬಾರದು ಸರ್."

"ಹೆಮಿಪ್ಲೀಜಿಯಾ ಕೇಸಲ್ಲಿ ಟೋನ್ ನೋಡಲಿಲ್ಲ ಅಂತೀಯ. ರೋಗಿ ಹೇಳದೇ ಇರೋ ಕಥೆ ಹೇಳ್ತೀಯ. ಏನಮ್ಮಾ, ಯಾರು ಪಾಠ ಮಾಡಿದ್ದು ನಿನಗೆ?"

ಅವಳು ನನ್ನನ್ನು ತೋರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅವಳು ಹೋದ ಮೇಲೆ ನಾಲ್ಕನೆಯ ಹುಡುಗ ಬಂದು ಆ ಕಾಲನ್ನು ಎತ್ತಿ, ಮಡಿಸಿ, ತಿರುಗಿಸಿ, ಒಪ್ಪಿಸಿ, ಬೇಷ್ ಎನ್ನಿಸಿಕೊಂಡು ಹೋದ.

ನಮ್ಮಲ್ಲಿ ಪರೀಕ್ಷಕರ ಊಟ ಎಂದರೆ ಸಣ್ಣ ಮದುವೆಯಂತೆ. ಅವತ್ತು ಒಬ್ಬಟ್ಟು, ತುಪ್ಪ, ಹಿತಕಿದ ಬೇಳೆ ಸಾರು. ಹೊರಗಿನ ಪರೀಕ್ಷಕರು, "ತುಮಕೂರಿಗೆ ಬಂದ್ರೆ ಇದಕ್ಕೇ ಬರಬೇಕು" ಎನ್ನುತ್ತಾ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದರು. ಬಾಗಿಲು ತೆರೆದು ಸಿಂಚನಾ ಒಳಗೆ ಬಂದಳು. ಪರೀಕ್ಷಕರ ಊಟದ ಕೋಣೆಗೆ ವಿದ್ಯಾರ್ಥಿಗಳು ಬರುವಂತಿಲ್ಲ. ಬಂದಳು. ಕೈಯಲ್ಲಿ ಎಕ್ಸ್‌ರೇ ಫಿಲ್ಮ್ ಇತ್ತು. ಯಾರೋ ಹೌಸ್‌ ಸರ್ಜನ್‌ನಿಂದ ಚೀಟಿ ಬರೆಸಿಕೊಂಡು, ಜಯಮ್ಮನನ್ನು ಜೊತೆಗೆ ಕರೆದುಕೊಂಡು, ತಾನೇ ಟ್ರಾಲಿ ತಳ್ಳಿಕೊಂಡು ಹೋಗಿ ತೆಗೆಸಿದ್ದಳು. ನನ್ನ ಎಲೆಯ ಪಕ್ಕ ಅದನ್ನು ಇಟ್ಟಳು.

ಎತ್ತಿ ಬೆಳಕಿಗೆ ಹಿಡಿದೆ. ಎಡ ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ಮುರಿದ ತುದಿಗಳು ಒಂದರಿಂದ ಒಂದು ಸರಿದು ದೂರ ಹೋಗಿದ್ದವು.

ಹಿರಿಯ ಪರೀಕ್ಷಕರು ನನ್ನ ಕೈಯಿಂದ ಫಿಲ್ಮ್ ತೆಗೆದುಕೊಂಡು ನೋಡಿದರು. "ಅರೆ! ಹೆಮಿಪ್ಲೀಜಿಯಾ ವಿತ್ ಫ್ರಾಕ್ಚರ್. ಚೆನ್ನಾಗಿದೆ. ಮುಂದಿನ ಸಲಕ್ಕೆ ಇದನ್ನೇ ಇಟ್ಕೊಳ್ಳಿ, ಒಳ್ಳೇ ಕೇಸು" ಎಂದರು. ಎಂದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.

ಆ ಎಲೆಯನ್ನು ಎತ್ತಿ ಅವರ ಮುಖಕ್ಕೆ ಎಸೆಯಬೇಕಿತ್ತು. ನಾನು ಎದ್ದು ಕೈ ತೊಳೆದುಕೊಂಡೆ, ಅಷ್ಟೇ. ಮೂಳೆ ವಿಭಾಗಕ್ಕೆ ಓಡಿದೆ, ಹನುಮಂತರಾಯಪ್ಪನವರನ್ನು ಅಡ್ಮಿಟ್ ಮಾಡಿಸಿದೆ. ಆ ವಿಭಾಗದ ಡಾಕ್ಟರು ಫಿಲ್ಮ್ ನೋಡಿ, "ಬಿದ್ದಾಗ ಬರೀ ಬಿರುಕಿದ್ದಿರಬಹುದು. ಆಮೇಲೆ ಯಾರಾದ್ರೂ ಕಾಲು ಎಳೆದಾಡಿದ್ರಾ?" ಎಂದು ಕೇಳಿದರು. ಮೂರು ಜನ ನನ್ನ ಎದುರಿಗೇ ಎಳೆದಾಡಿದ್ದರು, ಅದಕ್ಕೆ ನಾನು ಅಂಕ ಕೊಟ್ಟಿದ್ದೆ.

ಸಂಜೆ ಅಂಕಪಟ್ಟಿಗೆ ನಾಲ್ವರೂ ಸಹಿ ಹಾಕಬೇಕಿತ್ತು. "ಈ ಹುಡುಗಿಯದ್ದು ಬದಲಾಯಿಸಬೇಕು, ಅವಳೊಬ್ಬಳೇ ಸರಿಯಾಗಿ ಹೇಳಿದ್ದು" ಎಂದೆ.

"ಸರಿ ಇರಬಹುದು ಮೇಡಂ. ಆದ್ರೆ ಕೇಳಿದ್ದು ನರಗಳ ಪರೀಕ್ಷೆ, ಅವಳು ಮಾಡಲಿಲ್ಲ" ಎಂದರು ಹಿರಿಯ ಪರೀಕ್ಷಕರು.

"ರೋಗಿಯೇ ಇಲ್ಲ ಅಂದನಲ್ಲ, ನಿಮ್ಮೆದುರಿಗೇ" ಎಂದರು ಇನ್ನೊಬ್ಬರು.

ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಬದಲಾಯಿಸಿದ್ರೆ ಯಾಕೆ ಅಂತ ಬರೀಬೇಕಾಗುತ್ತೆ. ಮೂಳೆ ಮುರಿದ ಮನುಷ್ಯನನ್ನ ಪರೀಕ್ಷೆಗೆ ಮಲಗಿಸಿದ್ವಿ ಅಂತ ಬರೀತೀರಾ? ಯಾರು ತಂದಿದ್ದು ಆ ಕೇಸ್ ಅಂತ ಕೇಳ್ತಾರೆ. ಯಾರಪ್ಪಾ ಹೇಳಬೇಡ ಅಂದಿದ್ದು ಅಂತಾನೂ ಕೇಳ್ತಾರೆ. ಹುಡುಗಿಗೇನು, ಆರು ತಿಂಗಳಿಗೆ ಮತ್ತೆ ಕೂರ್ತಾಳೆ."

ಸಹಿ ಹಾಕಿದೆ. ಅವರ ಮೇಲೆ ಎಷ್ಟು ಕೂಗಾಡಿದರೂ ಆ ಸಹಿ ನನ್ನದೇ. ಹೆದರಿದೆ, ಹಾಕಿದೆ. ಇದಕ್ಕೆ ಬೇರೆ ಹೆಸರು ಕೊಟ್ಟು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ಆಪರೇಷನ್ ಆಯಿತು. ಗಾಯ ಮಾಗಿತು. ಆದರೆ ಒಂಬತ್ತು ವರ್ಷ ಒಂದೇ ಕಾಲಿನ ಬಲದಲ್ಲಿ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲುತ್ತಿದ್ದ ಹನುಮಂತರಾಯಪ್ಪ ಆಮೇಲೆ ತಾವಾಗಿ ಎದ್ದು ನಿಲ್ಲಲಿಲ್ಲ. ಶಿವರಾತ್ರಿ ಕಳೆದ ಮೇಲೆ ಗುಬ್ಬಿಗೆ ಹೋದೆ. ಜಗುಲಿಯ ಮೇಲೆ ಮಂಚ, ಮಂಚದ ತಲೆದೆಸೆಗೆ ಕಟ್ಟಿದ ಹಗ್ಗ. ಅದನ್ನು ಹಿಡಿದುಕೊಂಡರೆ ಕೂರುವುದಕ್ಕೆ ಆಗುತ್ತಿತ್ತು. ಜಯಮ್ಮ ಒಂದು ಚೇರು ತಂದು ಹಾಕಿ ಒಳಗೆ ಹೋದಳು. ಟೀ ಕೊಡಲಿಲ್ಲ. ಆ ಮನೆಯಲ್ಲಿ ಟೀ ಕೊಡದೆ ಯಾರನ್ನೂ ಕಳಿಸುವುದಿಲ್ಲ.

"ತಪ್ಪಾಯ್ತು ಹನುಮಂತರಾಯಪ್ಪನವರೇ" ಎಂದೆ.

"ಕಾಲಿಂದೇನ್ ಬುಡಿ. ಬಿದ್ದೋನ್ ನಾನು" ಎಂದರು. ಆಮೇಲೆ ಹಗ್ಗ ಹಿಡಿದು ಎದ್ದು ಕೂತು ನನ್ನನ್ನೇ ನೋಡಿದರು. ಅಷ್ಟು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. "ಆ ಮಗೀನ ಯಾಕ್ ಫೇಲ್ ಮಾಡಿದ್ರಿ? ನೋವಾಯ್ತದಾ ತಾತ ಅಂತ ಕೇಳಿದ್ದು ಅದೊಂದೇಯಾ. ಮಿಕ್ಕೋರ್ ಯಾರೂ ಕೇಳ್ನಿಲ್ಲ. ನೀವೂ ಕೇಳ್ನಿಲ್ಲ. ನಿಜ ಹೇಳ್ದೆ ಅದುಕ್ಕೆ. ನೀವ್ ಕೂಗ್ ಕೇಳುದ್ರಲ್ಲ, ನಿಮ್ ಮಾತ್ ಉಳಿಸ್ನಪ್ಪ ಅಂತ ಸುಳ್ಳೇಳ್ದೆ. ಆ ಮಗೀನ್ ಮುಂದೇನೇ ಸುಳ್ಳೇಳ್ದೆ! ಅದು ನನ್ ಮುಖ ನೋಡ್ತಲ್ಲ, ಅದು ನಂಗೆ ಮರ್ಯಕ್ ಆಯ್ತಿಲ್ಲ. ಒಬ್ರೂ ಫೇಲಾಗಿರ್ಲಿಲ್ಲ ನನ್ ಕೈಲಿ, ಒಬ್ರೂ!"

ಕೆಮ್ಮು ಬಂತು. ಜಯಮ್ಮ ನೀರು ತಂದಳು. ನಾನು ಎದ್ದು ನಿಂತೆ. "ಹೋಗ್ಬನ್ನಿ" ಎಂದರು. ಮತ್ತೆ ಬನ್ನಿ ಎನ್ನಲಿಲ್ಲ.

ಯುಗಾದಿ ಹೋಗಿ ಬಿಸಿಲು ಏರಿತು. ಫೇಲಾದವರಿಗೆ ಮತ್ತೆ ಪರೀಕ್ಷೆ ಬಂತು. ಅದೇ ಹಾಲ್, ತಿರುಗಿದರೂ ಗಾಳಿ ಕೊಡದ ಅದೇ ಫ್ಯಾನುಗಳು, ಹೊರಗಿನ ಪರೀಕ್ಷಕರು ಮಾತ್ರ ಬೇರೆ. ನನ್ನ ಹೆಸರು ಮತ್ತೆ ಪಟ್ಟಿಯಲ್ಲಿತ್ತು. ಸಿಂಚನಾಳಿಗೆ ಬಂದ ರೋಗಿ ಕುಣಿಗಲ್ ಕಡೆಯ ಪುಟ್ಟಲಕ್ಷ್ಮಮ್ಮ ಎಂಬ ಮುದುಕಿ. ಒಲೆಯ ಹೊಗೆಯಲ್ಲಿ ಶ್ವಾಸಕೋಶ ಹಾಳಾದವರು. ಅವರೂ ನಮ್ಮ ಖಾಯಂ ಕೇಸು.

ಸಿಂಚನಾ ಬಂದು ನಿಂತಳು. ಇಷ್ಟು ತಿಂಗಳಲ್ಲಿ ಸೊರಗಿದ್ದಳು. ಶುರು ಮಾಡಿದಳು. ಕೇಸ್ ಶೀಟಿನಲ್ಲಿ ಇದ್ದದ್ದು ಒಂದಕ್ಷರ ಆಚೀಚೆಯಾಗದೆ ಬಂತು. ಎದೆಯ ಆಕಾರ, ಉಸಿರಿನ ಸದ್ದು, ಕಾಯಿಲೆಯ ಹೆಸರು, ಕೊಡಬೇಕಾದ ಔಷಧ, ಎಲ್ಲವೂ ಪುಸ್ತಕದ ಕ್ರಮದಲ್ಲೇ ಬಂದವು. ಹೊರಗಿನ ಪರೀಕ್ಷಕರು ತಲೆದೂಗಿದರು. "ಇಂಥ ಹುಡುಗಿ ಹೇಗೆ ಫೇಲಾದ್ಲು?" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ನನಗೆ ತಡೆಯಲಾಗಲಿಲ್ಲ. "ಇವರಿಗೆ ಇವತ್ತು ಏನು ತೊಂದರೆ ಅಂತ ಕೇಳಿದೆಯಾ?" ಎಂದೆ.

ಅವಳು ನನ್ನನ್ನು ನೇರವಾಗಿ ನೋಡಿದಳು. "ಇಲ್ಲ ಮೇಡಂ" ಎಂದಳು.

ಅಂಕ ಹಾಕಿದೆವು. ಆ ದಿನದ ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ. ಅವಳು ತಲೆ ಬಗ್ಗಿಸಿ ಥ್ಯಾಂಕ್ಯೂ ಹೇಳಿ ಹೊರಗೆ ಹೋದಳು. ನಾನು ಪೆನ್ನು ಹಿಡಿದು ಕೂತಿದ್ದೆ. ಒಂದು ಮಗುವಿಗೆ ಕೇಳುವ ಕಿವಿ ಕೊಟ್ಟವಳೂ ನಾನೇ, ಅದನ್ನು ಕಿತ್ತುಕೊಂಡವಳೂ ನಾನೇ ಎನ್ನಿಸಿತು.

ಎಲ್ಲ ಮುಗಿದು ಪರೀಕ್ಷಕರು ಊಟಕ್ಕೆ ಎದ್ದರು. ನಾನು ಹೋಗಲಿಲ್ಲ. ಪುಟ್ಟಲಕ್ಷ್ಮಮ್ಮನ ಮಂಚದ ಹತ್ತಿರ ಹೋದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಎಡಕೆನ್ನೆ ಊದಿತ್ತು. ಪಕ್ಕದಲ್ಲಿ ಇಡ್ಲಿಯ ತಟ್ಟೆ ಹಾಗೇ ಇತ್ತು, ಒಂದು ಚೂರನ್ನೂ ಮುರಿದಿರಲಿಲ್ಲ.

"ಅಜ್ಜಿ, ಇವತ್ತು ನಿಮಗೆ ಏನು ತೊಂದರೆ?" ಎಂದೆ.

"ಆ ಹುಡುಗಿಗ್ ಹೇಳಿವ್ನಿ ಬುಡವ್ವ" ಎಂದರು.

"ಯಾವ ಹುಡುಗಿಗೆ?"

"ಈಗ್ ಹೋಯ್ತಲ್ಲ, ಅದುಕ್ಕೆ. ಬಾಯಿಗ್ ಬ್ಯಾಟ್ರಿ ಬಿಟ್ಟು ನೋಡ್ತು. ಹಲ್ಲಿನ ಸೆಟ್ಟು ತಗಸ್ತು. ಅಷ್ಟೊತ್ತೂ ಅದೇ ಮಾತು, ಏನ್ ತೊಂದ್ರೆ ಅಜ್ಜಿ, ಏನ್ ತೊಂದ್ರೆ ಅಂತ. ಪರೀಕ್ಷೆಯೋರ್ ಬತ್ತಾರೆ, ಅವ್ರ್ ಮುಂದೆ ಬಾಯಿ ಬುಡ್ಬ್ಯಾಡಿ, ನಾನೂ ಹೇಳಲ್ಲ, ಎಲ್ರೂ ಹೋದ್ ಮ್ಯಾಲೆ ನಾನೇ ಬಂದ್ ನೋಡ್ತೀನಿ ಅಂದದೆ."

"ನಾನೇ ನೋಡ್ತೀನಿ, ತೆಗೀರಿ ಬಾಯಿ" ಎಂದೆ.

ಮುದುಕಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಸೆರಗನ್ನು ಇನ್ನೂ ಬಿಗಿಯಾಗಿ ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ತಿರುಗಿ ಕೂತರು.

"ಬ್ಯಾಡ ಬುಡಿ. ನೀವ್ ಮಾರ್ಕ್ಸ್ ಹಾಕೋರು. ಆ ಮಗ ಬತ್ತದೆ."